ಮಾವಿನ ಜಾತಿಗಳೂ ಗಿರಾಕಿಯ ಆಯ್ಕೆಯೂ: ಬೇಡಿಕೆಯನ್ನು ಅಂದಾಜುಮಾಡುವ ಒಂದು ಕ್ರಮ

ಮಾವಿನ ಫಸಲು ಮುಗಿದು ಮುಂಗಾರು ಮಳೆ ಹಿಡಿಯುವ ಕಾಲಕ್ಕೆ, ತೋಟಗಳುಳ್ಳ ಪ್ರತಿಯೊಂದು ಗ್ರಾಮದಲ್ಲಿಯೂ ಒಂದೇ ಪ್ರಶ್ನೆಯು ಕೇಳಿಬರುವುದು ವಾಡಿಕೆ: "ಈ ಸಲ ಯಾವ ಜಾತಿಯ ಕಸಿಯನ್ನು ಹಾಕಿಸೋಣ?" ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವೂ ಒಂದೇ. ಹೋದ ವರ್ಷ ಮಂಡಿಯಲ್ಲಿ ಯಾವ ಹಣ್ಣಿಗೆ ಹೆಚ್ಚಿನ ಧಾರಣೆ ಬಂದಿತೋ ಅದನ್ನೇ ಎಲ್ಲರೂ ಹಾಕಿಸತೊಡಗುವರು. ರಾಗಿಯ ಹೊಲದಲ್ಲಿ ಇಂಥ ತಪ್ಪು ನಡೆದರೆ ಮುಂದಿನ ಮಳೆಗೆ ತಿದ್ದಿಕೊಳ್ಳಬಹುದು. ಮಾವಿನ ಮರವಾದರೋ ಒಂದು ತಲೆಮಾರಿನ ಆಸ್ತಿ. ಅದರಲ್ಲಿ ಮಾಡಿದ ತಪ್ಪು ಮಕ್ಕಳ ಕಾಲದವರೆಗೂ ಉಳಿಯುವುದು.

ಈ ತಪ್ಪಿನಲ್ಲಿ ನನಗೂ ಪಾಲುಂಟು. ಕೆಲವು ವರ್ಷಗಳ ಕೆಳಗೆ, ನನ್ನ ಸರ್ಕೀಟಿಗೆ ಸೇರಿದ ಒಂದು ಗ್ರಾಮದ ಜಮೀನುದಾರರೊಬ್ಬರು ತಮ್ಮ ಎರಡು ಎಕರೆ ತೋತಾಪುರಿ ಮರಗಳ ತಲೆಯನ್ನು ಕತ್ತರಿಸಿ ಬಾದಾಮಿಯ ಕಸಿ ಕಟ್ಟಿಸಬಹುದೇ ಎಂದು ಕೇಳಿದರು. ಆ ವರ್ಷದ ಧಾರಣೆಯ ಪಟ್ಟಿಯನ್ನು ನೋಡಿ, "ಅವಶ್ಯವಾಗಿ ಕಟ್ಟಿಸಿರಿ" ಎಂದೆನು. ಅವರನ್ನು ನೋಡಿ ಸುತ್ತಲಿನ ಹತ್ತಾರು ಮಂದಿಯೂ ಹಾಗೆಯೇ ಮಾಡಿದರು. ಕಸಿಗಳು ಚೆನ್ನಾಗಿ ಫಲಕ್ಕೆ ಬರುವ ಹೊತ್ತಿಗೆ ಬಾದಾಮಿಯ ಬುಟ್ಟಿಗಳು ಮಂಡಿಯ ತುಂಬ ಬಿದ್ದುಕೊಂಡಿದ್ದವು; ಕೊಳ್ಳುವವರು ಮಾತ್ರ ಮೊದಲಿನಷ್ಟೇ ಜನ. ಆ ಯಜಮಾನರು ಕೋಪಿಸಿಕೊಳ್ಳಲಿಲ್ಲ. "ಸ್ವಾಮಿ, ತಾವು ಧಾರಣೆಯನ್ನು ನೋಡಿದಿರಿ, ಕೊಳ್ಳುವವನನ್ನು ನೋಡಲಿಲ್ಲ" ಎಂದಷ್ಟೇ ಹೇಳಿದರು. ಕೊಳ್ಳುವವನನ್ನು ನೋಡುವ ಕ್ರಮವೇನಾದರೂ ಉಂಟೇ ಎಂದು ನಾನು ವಿಚಾರಿಸಲು ತೊಡಗಿದ್ದು ಅಂದಿನಿಂದ. ಅಂಥ ಕ್ರಮವೊಂದಿದೆ. ಅದರ ತಿರುಳನ್ನು ಗ್ರಾಮದ ಮುಖಂಡರಿಗೂ ತೋಟದ ಒಡೆಯರಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಪ್ರಯತ್ನಿಸಿದೆ.

೧. ಒಂದೇ ಸರಕು, ಹಲವು ಬಗೆಯ ಸರಕು

ಉಪ್ಪಿನಂಥ ಸರಕಿನಲ್ಲಿ ಒಬ್ಬನ ಮೂಟೆಗೂ ಇನ್ನೊಬ್ಬನ ಮೂಟೆಗೂ ಹೇಳಿಕೊಳ್ಳುವಂಥ ಭೇದವಿಲ್ಲ. ಬೆಲೆ ಏರಿದರೆ ಒಟ್ಟು ಎಷ್ಟು ಮಾರಾಟ ತಗ್ಗುವುದು ಎಂಬ ಒಂದು ಅಂಕಿಯು ತಿಳಿದರೆ ಸಾಕು. ಮಾವಿನ ವಿಷಯ ಹಾಗಲ್ಲ. ಬಾದಾಮಿ, ರಸಪುರಿ, ತೋತಾಪುರಿ, ಸೇಂದೂರ, ನೀಲಂ, ಮಲ್ಲಿಕಾ ಇವೆಲ್ಲವೂ ಮಾವೇ ಆದರೂ ಗಿರಾಕಿಯ ಕಣ್ಣಿಗೆ ಬೇರೆ ಬೇರೆ ಸರಕುಗಳು. ಬಾದಾಮಿಯ ಬೆಲೆ ಏರಿದರೆ ಬಾದಾಮಿಯ ಮಾರಾಟವು ತಗ್ಗುವುದಲ್ಲದೆ ರಸಪುರಿಯ ಮಾರಾಟವು ಹೆಚ್ಚುವುದು. ತೋತಾಪುರಿಯ ಮಾರಾಟವು ಪ್ರಾಯಶಃ ಇದ್ದಂತೆಯೇ ಇರುವುದು. ಹತ್ತು ಜಾತಿಗಳಿದ್ದರೆ, ಒಂದೊಂದರ ಬೆಲೆಯು ಹತ್ತರ ಮಾರಾಟದ ಮೇಲೂ ಮಾಡುವ ಪರಿಣಾಮವನ್ನು ತಿಳಿಯಲು ನೂರು ಅಂಕಿಗಳು ಬೇಕು. ಇಷ್ಟನ್ನು ಮಂಡಿಯ ಲೆಕ್ಕದ ಪುಸ್ತಕದಿಂದ ನೇರವಾಗಿ ತೆಗೆಯುವುದು ಅಸಾಧ್ಯವೆಂದೇ ಹೇಳಬಹುದು. ಅದೂ ಅಲ್ಲದೆ, ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಜಾತಿಯ ವಿಷಯದಲ್ಲಿ ಆ ಪುಸ್ತಕವು ಮೌನವಾಗಿರುವುದು.

೨. ಹಣ್ಣಲ್ಲ, ಹಣ್ಣಿನ ಗುಣಗಳು

ಈ ತೊಡಕನ್ನು ಬಿಡಿಸಿದ ಮೊದಲನೆಯ ಮಾತು ಹೀಗಿದೆ. ಗಿರಾಕಿಯು ಕೊಳ್ಳುವುದು ಹಣ್ಣಿನ ಹೆಸರನ್ನಲ್ಲ, ಅದರ ಗುಣಗಳನ್ನು. ಸಿಹಿ, ಪರಿಮಳ, ನಾರಿಲ್ಲದ ತಿರುಳು, ಓಟೆಯ ಗಾತ್ರ, ಕೆಡದೆ ಉಳಿಯುವ ದಿನಗಳು, ಎಲ್ಲಕ್ಕೂ ಮಿಗಿಲಾಗಿ ಬೆಲೆ, ಇವುಗಳ ಕೂಟವೇ ಅವನ ದೃಷ್ಟಿಯಲ್ಲಿ ಹಣ್ಣು. ಅರ್ಥಶಾಸ್ತ್ರಜ್ಞನಾದ ಕೆಲ್ವಿನ್ ಲ್ಯಾಂಕಾಸ್ಟರ್ ಎಂಬಾತನು ೧೯೬೬ ರಲ್ಲಿ ಇದನ್ನು ಸಿದ್ಧಾಂತವಾಗಿ ನಿರೂಪಿಸಿದನು. ಜಾತಿಗಳು ಎಷ್ಟೇ ಇರಲಿ, ಗುಣಗಳು ನಾಲ್ಕಾರೇ ಆದಕಾರಣ ನೂರು ಅಂಕಿಗಳ ಭಾರವು ಇದರಿಂದ ಇಳಿಯುವುದು.

ಎರಡನೆಯ ಮಾತು ಆಯ್ಕೆಗೆ ಸಂಬಂಧಿಸಿದ್ದು. ಅಂಗಡಿಯ ಮುಂದೆ ನಿಂತವನು ಎದುರಿಗಿರುವ ಹಲವನ್ನು ನೋಡಿ ಒಂದನ್ನು ತೆಗೆದುಕೊಳ್ಳುವನು, ಅಥವಾ ಏನನ್ನೂ ಕೊಳ್ಳದೆ ಹೋಗುವನು. ಅವನ ಮನಸ್ಸಿನಲ್ಲಿ ಪ್ರತಿಯೊಂದಕ್ಕೂ ಒಂದು ಯೋಗ್ಯತೆ ಇರುವುದಷ್ಟೆ. ಅದರಲ್ಲಿ ಒಂದು ಭಾಗವು ನಮಗೆ ಕಾಣುವ ಗುಣಗಳಿಂದಲೂ ಬೆಲೆಯಿಂದಲೂ ಆದದ್ದು. ಉಳಿದದ್ದು ಮನೆಗೆ ನೆಂಟರು ಬಂದಿರುವುದು, ಬಾಲ್ಯದ ರುಚಿಯ ನೆನಪು ಮುಂತಾದ, ನಮಗೆ ಕಾಣದ ಕಾರಣಗಳಿಂದಾದದ್ದು. ಕಾಣದ ಭಾಗವಿರುವುದರಿಂದ ಒಬ್ಬನು ಯಾವುದನ್ನು ಕೊಳ್ಳುವನೆಂದು ಖಚಿತವಾಗಿ ಹೇಳಲಾಗದು. ಆದರೆ ಅಂಥ ನೂರು ಮಂದಿಯಲ್ಲಿ ಎಷ್ಟು ಮಂದಿ ಯಾವುದನ್ನು ಕೊಳ್ಳುವರೆಂದು ಹೇಳಬಹುದು. ಮನುಷ್ಯನ ತಾರತಮ್ಯಜ್ಞಾನದಲ್ಲಿರುವ ಈ ಅನಿಶ್ಚಯವನ್ನು ಮನಶ್ಶಾಸ್ತ್ರಜ್ಞನಾದ ಥರ್‌ಸ್ಟನ್ ೧೯೨೭ ರಲ್ಲಿಯೂ ಲೂಸ್ ೧೯೫೯ ರಲ್ಲಿಯೂ ಗಣಿತಕ್ಕೆ ತಂದರು. ೧೯೭೪ ರಲ್ಲಿ ಡೇನಿಯಲ್ ಮ್ಯಾಕ್‌ಫ್ಯಾಡನ್ ಅದನ್ನು ಮಾರುಕಟ್ಟೆಯ ಆಯ್ಕೆಗೆ ಪೂರ್ಣವಾಗಿ ಅನ್ವಯಿಸಿ ತೋರಿಸಿದನು. ಇದಕ್ಕೆ ಲಾಜಿಟ್ ಕ್ರಮವೆಂದು ಹೆಸರು.

ಇದರ ಲೆಕ್ಕವು ತಕ್ಕಡಿಯಷ್ಟೇ ಸರಳವಾದದ್ದು. ಪ್ರತಿಯೊಂದು ಹಣ್ಣಿಗೂ ಅದರ ಗುಣ ಮತ್ತು ಬೆಲೆಗಳಿಗೆ ತಕ್ಕ ಒಂದು ತೂಕವನ್ನು ಕೊಡುವುದು. ಕೊಳ್ಳದೆ ಹೋಗುವುದಕ್ಕೂ ಒಂದು ತೂಕವನ್ನು ಕೊಡುವುದು. ಒಂದರ ತೂಕವನ್ನು ಎಲ್ಲದರ ಒಟ್ಟು ತೂಕದಿಂದ ಭಾಗಿಸಿದರೆ ಬರುವುದೇ ಅದರ ಪಾಲು. ಯಾವ ಗುಣಕ್ಕೆ ಎಷ್ಟು ತೂಕವೆಂಬುದನ್ನು ನಾವು ಮನಬಂದಂತೆ ಇಡುವುದಿಲ್ಲ. ಜನರು ನಿಜವಾಗಿ ಮಾಡಿದ ಆಯ್ಕೆಗಳಿಗೆ ಅತ್ಯಂತ ಸಮೀಪವಾಗಿ ಹೊಂದುವ ತೂಕಗಳನ್ನು ಯಂತ್ರಗಣಕದಿಂದ ಹುಡುಕಿ ತೆಗೆಯುವರು.

೩. ಈ ಕ್ರಮವು ಪರೀಕ್ಷೆಗೊಳಗಾದ ಬಗೆ

ಅಮೆರಿಕಾ ದೇಶದ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಣ ಊರುಗಳಿಗೆ ಬಾರ್ಟ್ ಎಂಬ ಹೊಸ ವಿದ್ಯುತ್ ರೈಲು ೧೯೭೨ ರಲ್ಲಿ ಓಡಾಡತೊಡಗಿತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ ೧೫ ಮಂದಿ ಇದನ್ನು ಹತ್ತುವರೆಂದು ಅಧಿಕಾರಿಗಳ ಅಂದಾಜಿತ್ತು. ಮ್ಯಾಕ್‌ಫ್ಯಾಡನ್ ಮತ್ತು ಆತನ ಸಂಗಡಿಗರು, ರೈಲು ಬರುವುದಕ್ಕೆ ಮುಂಚೆ ಜನರು ಮೋಟಾರನ್ನೂ ಬಸ್ಸನ್ನೂ ಹೇಗೆ ಆರಿಸಿಕೊಳ್ಳುತ್ತಿದ್ದರೆಂಬುದನ್ನು ಕೇಳಿ ಬರೆದುಕೊಂಡರು. ಪ್ರಯಾಣದ ವೆಚ್ಚ, ಗಾಡಿಯಲ್ಲಿ ಕಳೆಯುವ ಹೊತ್ತು, ನಡೆಯುವ ಮತ್ತು ಕಾಯುವ ಹೊತ್ತು, ಇವುಗಳಿಗೆ ಜನರು ಕೊಡುವ ತೂಕಗಳನ್ನು ಅದರಿಂದ ಕಂಡುಹಿಡಿದು, ಅದೇ ತೂಕಗಳಿಂದ ಇನ್ನೂ ಇಲ್ಲದ ರೈಲಿನ ಪಾಲನ್ನು ಎಣಿಸಿದರು. ಬಂದ ಉತ್ತರವು ನೂರಕ್ಕೆ ೬.೩. ಮುಂದೆ ನಿಜವಾಗಿ ಕಂಡುಬಂದದ್ದು ೬.೨. ಇಷ್ಟು ಸಮೀಪವಾದದ್ದರಲ್ಲಿ ಅದೃಷ್ಟವೂ ಇತ್ತೆಂದು ಮ್ಯಾಕ್‌ಫ್ಯಾಡನ್ನನೇ ಒಪ್ಪಿಕೊಂಡಿದ್ದಾನೆ. ಆದರೂ ಇಲ್ಲದ ಸರಕಿನ ಬೇಡಿಕೆಯನ್ನು ಇರುವ ಸರಕುಗಳ ಆಯ್ಕೆಯಿಂದ ಎಣಿಸಬಹುದೆಂಬುದು ಇದರಿಂದ ಸ್ಥಾಪಿತವಾಯಿತು. ಆತನಿಗೆ ೨೦೦೦ ರಲ್ಲಿ ಜೇಮ್ಸ್ ಹೆಕ್‌ಮನ್‌ನೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

೪. ಒಂದು ಲೆಕ್ಕ, ಮತ್ತು ಅದರಲ್ಲಿರುವ ಮೋಸ

ಈಗ ನಮ್ಮ ಹಣ್ಣಿಗೆ ಬರೋಣ. ಕೆಳಗಿನ ಅಂಕಿಗಳು ಕೇವಲ ವಿವರಣೆಗಾಗಿ ಊಹಿಸಿಕೊಂಡವು. ಯಾವ ಮಂಡಿಯ ಲೆಕ್ಕವೂ ಅಲ್ಲ. ಪಟ್ಟಣದ ಒಂದು ಬಡಾವಣೆಯಲ್ಲಿ ನೂರು ಮನೆಗಳಿವೆ. ವಾರಕ್ಕೆ ಒಂದು ಸಲ ಪ್ರತಿ ಮನೆಯವರೂ ಒಂದು ಜಾತಿಯನ್ನು ಆರಿಸುವರು. ಅವರಲ್ಲಿ ೩೦ ಮನೆಯವರು ಬಾದಾಮಿಯನ್ನೂ, ೪೦ ಮನೆಯವರು ರಸಪುರಿಯನ್ನೂ, ೧೦ ಮನೆಯವರು ತೋತಾಪುರಿಯನ್ನೂ ಕೊಳ್ಳುತ್ತಿದ್ದಾರೆ. ೨೦ ಮನೆಯವರು ಕೊಳ್ಳುವುದಿಲ್ಲ. ಈ ಅಂಗಡಿಗೆ ನೀಲಂ ಮತ್ತು ದಶೇರಿಗಳ ಸಂಕರದಿಂದಾದ ಮಲ್ಲಿಕಾ ಹಣ್ಣು ಹೊಸದಾಗಿ ಬರುವುದೆಂದು ಇಟ್ಟುಕೊಳ್ಳೋಣ. ಅದರ ತೂಕವು ೨೫ ಆಗಿರಲಿ.

ಮೇಲೆ ಹೇಳಿದ ಸರಳವಾದ ಲೆಕ್ಕದಲ್ಲಿ ಒಟ್ಟು ತೂಕವು ೧೨೫ ಆಗುವುದು. ಭಾಗಿಸಿದರೆ ಮಲ್ಲಿಕಾ ೨೦, ಬಾದಾಮಿ ೨೪, ರಸಪುರಿ ೩೨, ತೋತಾಪುರಿ ೮, ಕೊಳ್ಳದವರು ೧೬. ಅಂದರೆ ಎಲ್ಲವೂ ತಮ್ಮ ಐದನೆಯ ಒಂದು ಪಾಲನ್ನು ಕಳೆದುಕೊಂಡವು. ಇದನ್ನು ನೋಡಿದ ಯಾವ ತೋಟಗಾರನೂ ತಲೆಯಲ್ಲಾಡಿಸುವನು. ಉಪ್ಪುಕಾರ ಹಚ್ಚಿ ದೋರೆಗಾಯಿ ತಿನ್ನುವುದಕ್ಕೆ ತೋತಾಪುರಿಯನ್ನು ಕೊಳ್ಳುವವನು, ಹೆಚ್ಚು ಬೆಲೆಯ ಸಿಹಿಹಣ್ಣು ಬಂದಿತೆಂದು ಅದನ್ನು ಬಿಟ್ಟು ಬರುವನೇ?

ವಿದ್ವಾಂಸರು ಈ ದೋಷವನ್ನು ಕೆಂಪು ಬಸ್ಸು ಮತ್ತು ನೀಲಿ ಬಸ್ಸಿನ ಉದಾಹರಣೆಯಿಂದ ತೋರಿಸುವರು. ಒಂದು ಊರಿನಲ್ಲಿ ಅರ್ಧ ಜನ ಮೋಟಾರಿನಲ್ಲಿಯೂ ಅರ್ಧ ಜನ ಕೆಂಪು ಬಸ್ಸಿನಲ್ಲಿಯೂ ಹೋಗುತ್ತಿರಲಿ. ಅದೇ ದಾರಿಯಲ್ಲಿ, ಅದೇ ದರಕ್ಕೆ, ಬಣ್ಣ ಮಾತ್ರ ನೀಲಿಯಾದ ಇನ್ನೊಂದು ಬಸ್ಸು ಬಂದರೆ, ಸರಳ ಲೆಕ್ಕವು ಮೂವರಿಗೂ ಮೂರನೆಯ ಒಂದು ಪಾಲೆಂದು ಹೇಳುವುದು. ನಿಜದಲ್ಲಿ ಮೋಟಾರಿನವರು ಕದಲುವುದಿಲ್ಲ. ಬಸ್ಸಿನವರೇ ಎರಡಾಗಿ ಹಂಚಿಹೋಗುವರು. ಒಂದೇ ತೆರನಾದವುಗಳು ಒಂದನ್ನೊಂದು ತಿನ್ನುವುವು ಎಂಬುದನ್ನು ಸರಳ ಲೆಕ್ಕವು ಅರಿಯದು.

ಇದನ್ನು ತಿದ್ದುವ ಒಂದು ಮಾರ್ಗವೆಂದರೆ, ಎಲ್ಲ ಗಿರಾಕಿಗಳ ರುಚಿಯೂ ಒಂದೇ ಎಂಬ ಊಹೆಯನ್ನು ಬಿಡುವುದು. ಅದೇ ನೂರು ಮನೆಗಳಲ್ಲಿ ಎರಡು ಪಂಗಡಗಳಿರಲಿ. ಮೊದಲನೆಯ ೬೦ ಮನೆಯವರು ಸಿಹಿಯನ್ನು ಬಯಸುವವರು, ಬೆಲೆಗೆ ಅಷ್ಟಾಗಿ ಅಂಜದವರು: ಬಾದಾಮಿ ೨೭, ರಸಪುರಿ ೨೭, ಕೊಳ್ಳದವರು ೬. ಎರಡನೆಯ ೪೦ ಮನೆಯವರು ಬೆಲೆಯನ್ನು ನೋಡುವವರು: ಬಾದಾಮಿ ೩, ರಸಪುರಿ ೧೩, ತೋತಾಪುರಿ ೧೦, ಕೊಳ್ಳದವರು ೧೪. ಕೂಡಿಸಿದರೆ ಮೊದಲಿನ ೩೦, ೪೦, ೧೦, ೨೦ ಅಂಕಿಗಳೇ ಬರುವುವು. ಮಲ್ಲಿಕಾ ಹಣ್ಣು ಮೊದಲನೆಯ ಪಂಗಡಕ್ಕೆ ಮಾತ್ರ ಹಿಡಿಸಿ, ಅವರಲ್ಲಿ ಅದರ ತೂಕವು ೩೦ ಆಗಿರಲಿ. ಆ ಪಂಗಡದ ಒಟ್ಟು ತೂಕವು ೯೦ ಆಗುವುದು; ಮಲ್ಲಿಕಾ ೨೦, ಬಾದಾಮಿ ೧೮, ರಸಪುರಿ ೧೮, ಕೊಳ್ಳದವರು ೪. ಎರಡನೆಯ ಪಂಗಡದಲ್ಲಿ ಯಾವ ಬದಲಾವಣೆಯೂ ಇಲ್ಲ. ಎರಡು ಲೆಕ್ಕಗಳಲ್ಲಿಯೂ ಮಲ್ಲಿಕಾ ಕೊಂಡವರು ೨೦ ಮನೆಯವರೇ. ಆದರೆ ಆ ಇಪ್ಪತ್ತು ಮನೆಯವರು ಎಲ್ಲಿಂದ ಬಂದರು?

ಸರಳ ಲೆಕ್ಕದಂತೆ: ಬಾದಾಮಿಯಿಂದ ೬, ರಸಪುರಿಯಿಂದ ೮, ತೋತಾಪುರಿಯಿಂದ ೨, ಹೊಸ ಗಿರಾಕಿಗಳು ೪.
ಪಂಗಡದ ಲೆಕ್ಕದಂತೆ: ಬಾದಾಮಿಯಿಂದ ೯, ರಸಪುರಿಯಿಂದ ೯, ತೋತಾಪುರಿಯಿಂದ ಯಾರೂ ಇಲ್ಲ, ಹೊಸ ಗಿರಾಕಿಗಳು ೨.

ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯವು ಇದೇ. ಒಂದು ಗ್ರಾಮದ ತೋಟಗಳೆಲ್ಲ ಬಾದಾಮಿ ಮತ್ತು ರಸಪುರಿಯವಾಗಿದ್ದು, ಅಲ್ಲಿ ಕೆಲವರು ಮಲ್ಲಿಕಾ ಹಾಕಿಸಿದರೆ, ಅವರು ಮಾರುವ ಇಪ್ಪತ್ತರಲ್ಲಿ ಹದಿನೆಂಟು ನೆರೆಯ ತೋಟದವರ ಗಿರಾಕಿಗಳು. ಹಾಕಿಸಿದವನಿಗೆ ಲಾಭವಾಗಬಹುದು, ಗ್ರಾಮಕ್ಕೆ ಹೊಸದಾಗಿ ಬಂದ ಮಾರಾಟವು ಎರಡೇ. ಮರದ ತಲೆ ಕತ್ತರಿಸಿದ ವೆಚ್ಚವೂ ಫಲವಿಲ್ಲದ ವರ್ಷಗಳ ನಷ್ಟವೂ ಇದರಿಂದಲೇ ಭರ್ತಿಯಾಗಬೇಕು. ನಾನು ಹಿಂದೆ ಕೊಟ್ಟ ಸಲಹೆಯ ತಪ್ಪು ಇಲ್ಲಿಯೇ ಇತ್ತು. ಬಾದಾಮಿಯ ಬುಟ್ಟಿಯ ಪಕ್ಕದಲ್ಲಿ ಇನ್ನೊಂದು ಬಾದಾಮಿಯ ಬುಟ್ಟಿಯನ್ನಿಟ್ಟರೆ ಅದು ನೀಲಿ ಬಸ್ಸಲ್ಲದೆ ಬೇರೆಯಲ್ಲ.

೫. ಬೆಲೆಯೂ ಗುಣವೂ ಕೂಡಿ ನಡೆಯುವುದರಿಂದಾಗುವ ಭ್ರಾಂತಿ

ಮಂಡಿಯ ಪುಸ್ತಕವನ್ನು ನೋಡಿದರೆ, ಧಾರಣೆ ಏರಿದ ವಾರದಲ್ಲಿಯೇ ಹೆಚ್ಚು ಹಣ್ಣು ಬಿಕರಿಯಾಗಿರುವುದನ್ನು ಎಷ್ಟೋ ಸಲ ಕಾಣಬಹುದು. ಬೆಲೆ ಏರಿಸಿದರೆ ಗಿರಾಕಿಗಳು ಹೆಚ್ಚುವರೆಂದು ಇದರ ಅರ್ಥವೇ? ಅಲ್ಲ. ಆ ವಾರದ ಹಣ್ಣು ಬಣ್ಣಕಟ್ಟಿ ಕಲೆಯಿಲ್ಲದೆ ಬಂದಿದ್ದರಿಂದ ಬೆಲೆಯೂ ಏರಿತು, ಮಾರಾಟವೂ ಏರಿತು. ಹಣ್ಣಿನ ಚೆಲುವು ಪುಸ್ತಕದಲ್ಲಿ ಬರೆದಿಲ್ಲವಾದಕಾರಣ ಅದರ ಕೀರ್ತಿಯು ಬೆಲೆಗೆ ಸಂದಿತು.

ಇದನ್ನು ಬಿಡಿಸಬೇಕಾದರೆ, ಗಿರಾಕಿಯ ಮನಸ್ಸನ್ನು ಮುಟ್ಟದೆ ಬೆಲೆಯನ್ನು ಮಾತ್ರ ಅಲ್ಲಾಡಿಸುವ ಕಾರಣವೊಂದನ್ನು ಹಿಡಿಯಬೇಕು. ಲಾರಿಯ ಬಾಡಿಗೆ ಏರಿದ್ದು ಅಂಥದು. ಬಾಡಿಗೆಯಿಂದ ಹಣ್ಣು ಸಿಹಿಯಾಗುವುದೂ ಇಲ್ಲ, ಸಪ್ಪೆಯಾಗುವುದೂ ಇಲ್ಲ. ಬಾಡಿಗೆಯಿಂದ ಬೆಲೆ ಏರಿದಾಗ ಮಾರಾಟವು ಎಷ್ಟು ತಗ್ಗಿತೆಂಬುದೇ ಬೆಲೆಯ ನಿಜವಾದ ತೂಕ.

ಬೆರಿ, ಲೆವಿನ್‌ಸೋನ್ ಮತ್ತು ಪೇಕ್ಸ್ ಎಂಬ ಮೂವರು ವಿದ್ವಾಂಸರು ೧೯೯೫ ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಎರಡು ತಿದ್ದುಪಡಿಗಳನ್ನೂ, ಎಂದರೆ ರುಚಿಯ ಭೇದವನ್ನೂ ಕಾಣದ ಗುಣವನ್ನೂ, ಒಟ್ಟಿಗೆ ಸೇರಿಸಿದರು. ೧೯೭೧ ರಿಂದ ೧೯೯೦ ರವರೆಗೆ ಅಮೆರಿಕಾದಲ್ಲಿ ಮಾರಾಟವಾದ ಮೋಟಾರು ಕಾರುಗಳ ಬೇಡಿಕೆಯನ್ನು, ಒಬ್ಬೊಬ್ಬ ಗಿರಾಕಿಯ ವಿವರವಿಲ್ಲದೆ, ಒಟ್ಟು ಮಾರಾಟದ ಅಂಕಿಗಳಿಂದಲೇ ಅವರು ಎಣಿಸಿದರು. ೨೦೦೧ ರಲ್ಲಿ ಅವಿವ್ ನೇವೋ ಎಂಬಾತನು ಜೋಳ, ಗೋಧಿ ಮುಂತಾದ ಧಾನ್ಯಗಳಿಂದ ಮಾಡಿ ಡಬ್ಬದಲ್ಲಿ ಮಾರುವ ಬೆಳಗಿನ ತಿಂಡಿಗಳಿಗೆ ಇದೇ ಕ್ರಮವನ್ನು ಅನ್ವಯಿಸಿದನು. ಅವುಗಳ ಬೆಲೆ ಮೇಲಿರುವುದು ತಯಾರಕರು ಒಳಸಂಚು ಮಾಡಿದ್ದರಿಂದಲೇ ಎಂಬ ಸಂಶಯಕ್ಕೆ, ಒಳಸಂಚಿನ ಊಹೆಯೇ ಬೇಕಾಗಿಲ್ಲವೆಂದೂ, ಜನರು ಒಂದೊಂದನ್ನೂ ಬೇರೆಯೆಂದು ಎಣಿಸುವುದರಿಂದಲೂ ಒಬ್ಬನೇ ಹಲವು ಬಗೆಗಳನ್ನು ಮಾರುವುದರಿಂದಲೂ ಅಷ್ಟು ಬೆಲೆ ನಿಲ್ಲುವುದೆಂದೂ ತೋರಿಸಿದನು. ಬೆಳೆಗಾರರಿಗೆ ಇದರಲ್ಲಿ ಪಾಠವಿದೆ: ಗಿರಾಕಿಯ ಕಣ್ಣಿಗೆ ಬೇರೆಯಾಗಿ ಕಾಣುವ ಸರಕಿಗೇ ಬೆಲೆಯನ್ನು ಕಾಪಾಡಿಕೊಳ್ಳುವ ಶಕ್ತಿಯುಂಟು.

೬. ಗ್ರಾಮದಲ್ಲಿ ಮಾಡಬಹುದಾದದ್ದು

ಯಂತ್ರಗಣಕದ ಕೆಲಸವನ್ನು ಕೃಷಿ ವಿಶ್ವವಿದ್ಯಾನಿಲಯದವರು ಮಾಡಬಲ್ಲರು. ಆದರೆ ಅವರಿಗೆ ಬೇಕಾದ ಬರವಣಿಗೆಯು ನಮ್ಮಿಂದಲೇ ಹೋಗಬೇಕು. ತೋಟಗಾರರ ಸಂಘದವರು ಪಟ್ಟಣದಲ್ಲಿ ಅಂಗಡಿ ಹಾಕಿದಾಗಲೂ, ಲಾಲ್‌ಬಾಗಿನ ಮಾವಿನ ಮೇಳದಂಥ ಕಡೆಗಳಲ್ಲಿ ಮಾರುವಾಗಲೂ, ಓದುಬರಹ ಬಲ್ಲ ಹುಡುಗನೊಬ್ಬನನ್ನು ಕೂರಿಸಿ ಈ ಸಂಗತಿಗಳನ್ನು ಬರೆಯಿಸತಕ್ಕದ್ದು:

(ಅ) ಆ ಹೊತ್ತಿನಲ್ಲಿ ಅಂಗಡಿಯಲ್ಲಿದ್ದ ಎಲ್ಲ ಜಾತಿಗಳು ಮತ್ತು ಒಂದೊಂದರ ಬೆಲೆ. ಮಾರಿದ್ದನ್ನು ಮಾತ್ರ ಬರೆದರೆ ಸಾಲದು. ಗಿರಾಕಿಯು ಯಾವುದನ್ನು ಬಿಟ್ಟು ಯಾವುದನ್ನು ತೆಗೆದುಕೊಂಡನೆಂಬುದೇ ಮುಖ್ಯ.
(ಆ) ಕೊಂಡ ಜಾತಿ ಮತ್ತು ತೂಕ.
(ಇ) ಬೆಲೆ ಕೇಳಿ, ಏನನ್ನೂ ಕೊಳ್ಳದೆ ಹೋದವರ ಸಂಖ್ಯೆ. ಇದನ್ನು ಬರೆಯುವವರೇ ಇಲ್ಲ. ಇದಿಲ್ಲದಿದ್ದರೆ ಹೊಸ ಗಿರಾಕಿಗಳು ಎಷ್ಟು ಸಿಕ್ಕಾರೆಂಬುದು ಎಂದಿಗೂ ತಿಳಿಯದು.
(ಈ) ಮನೆಯಲ್ಲಿ ಎಷ್ಟು ಜನ, ಮಕ್ಕಳೆಷ್ಟು, ಹಣ್ಣು ತಿನ್ನುವುದಕ್ಕೋ ಉಪ್ಪಿನಕಾಯಿಗೋ ಎಂಬ ಎರಡು ಮೂರು ಪ್ರಶ್ನೆಗಳು. ಪಂಗಡಗಳು ಕಾಣುವುದು ಇದರಿಂದ. ಹೆಸರು, ವಿಳಾಸಗಳನ್ನು ಕೇಳಬೇಕಾಗಿಲ್ಲ.
(ಉ) ಆ ದಿನದ ಲಾರಿಯ ಬಾಡಿಗೆ ಮತ್ತು ಹಣ್ಣಿನ ಸ್ಥಿತಿ.

ಇನ್ನೂ ಬೆಳೆಯದ ಜಾತಿಯ ವಿಷಯದಲ್ಲಿ ಚೀಟಿಗಳ ಕ್ರಮವೊಂದುಂಟು. ಒಂದು ಚೀಟಿಯಲ್ಲಿ ಎರಡು ಅಥವಾ ಮೂರು ಹಣ್ಣುಗಳ ಗುಣ ಮತ್ತು ಬೆಲೆಗಳನ್ನು ಬರೆದು, "ಇವುಗಳಲ್ಲಿ ಯಾವುದನ್ನು ಕೊಳ್ಳುವಿರಿ, ಅಥವಾ ಯಾವುದನ್ನೂ ಕೊಳ್ಳುವುದಿಲ್ಲವೇ?" ಎಂದು ಕೇಳುವುದು, ಬೆಲೆಯನ್ನು ಬದಲಾಯಿಸಿ ಇನ್ನೊಂದು ಚೀಟಿಯನ್ನು ತೋರಿಸುವುದು. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಬಾಯಿಮಾತಿನಲ್ಲಿ ಎಲ್ಲರೂ ಉದಾರಿಗಳು. ಕೈಯಿಂದ ಹಣ ಬಿಚ್ಚುವಾಗ ಹಾಗಲ್ಲ. ಆದಕಾರಣ ಚೀಟಿಯ ಉತ್ತರಗಳನ್ನು ನಿಜವಾದ ಮಾರಾಟದೊಂದಿಗೆ ಹೋಲಿಸಿಯೇ ನಂಬಬೇಕು.

೭. ಈ ಲೆಕ್ಕವು ಹೇಳಲಾರದ್ದು

ಮನೆಯವರಂತೆ ಕಾರ್ಖಾನೆಯೂ ಒಬ್ಬ ಗಿರಾಕಿ. ತೋತಾಪುರಿಯ ಬಹುಭಾಗವು ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುವುದು. ೨೦೨೫ ನೇ ಇಸವಿಯ ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯ ಅಧಿಕಾರಿಗಳು ಹೊರ ರಾಜ್ಯಗಳ ತೋತಾಪುರಿ ಒಳಗೆ ಬರಕೂಡದೆಂದು ಆಜ್ಞೆ ಮಾಡಿದಾಗ, ಅಲ್ಲಿಯ ಕಾರ್ಖಾನೆಗಳನ್ನೇ ನೆಚ್ಚಿದ್ದ ಕೋಲಾರದ ಕಡೆಯ ಬೆಳೆಗಾರರು ಪಟ್ಟ ಪಾಡು ನಮ್ಮೆಲ್ಲರ ನೆನಪಿನಲ್ಲಿದೆ. ಗಿರಾಕಿಗಳ ರುಚಿಯನ್ನು ಎಷ್ಟು ಚೆನ್ನಾಗಿ ಎಣಿಸಿದ್ದರೂ, ದಾರಿ ಮುಚ್ಚಿದರೆ ಆ ಲೆಕ್ಕವು ನಿಲ್ಲದು. ಹಾಗೆಯೇ, ಇಂದಿನ ರುಚಿಯು ಹತ್ತು ವರ್ಷದ ಮೇಲೆಯೂ ಇರುವುದೆಂದು ಯಾವ ಗಣಿತವೂ ಭರವಸೆ ಕೊಡದು.

ಆದುದರಿಂದ, ಮರಕ್ಕೆ ಗರಗಸವನ್ನಿಡುವ ಮುಂಚೆ ಪ್ರತಿಯೊಬ್ಬ ತೋಟಗಾರನೂ ತನ್ನನ್ನು ತಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಹೊಸ ಹಣ್ಣನ್ನು ಕೊಳ್ಳುವವನು ಇಂದು ಏನನ್ನು ಕೊಳ್ಳುತ್ತಿದ್ದಾನೆ? ಅದನ್ನು ಬೆಳೆಯುವವನು ನಾನೇ ಅಲ್ಲವೇ, ಅಥವಾ ನನ್ನ ನೆರೆಯವನಲ್ಲವೇ? ಇಂದು ಕೊಳ್ಳದೆ ಹೋಗುತ್ತಿರುವವನನ್ನು ತಡೆದು ನಿಲ್ಲಿಸುವ ಗುಣವು ಇದರಲ್ಲಿ ಉಂಟೇ? ಗ್ರಾಮದ ಮುಖಂಡರು ಈ ಪ್ರಶ್ನೆಗಳನ್ನು ಸಭೆಯಲ್ಲಿಟ್ಟು ಎಲ್ಲರೊಡನೆ ವಿಚಾರ ಮಾಡುವುದು ಉಚಿತ. ಏಕೆಂದರೆ ಒಬ್ಬನ ತೋಟದ ತೀರ್ಮಾನವು ನೆರೆಯವನ ಬುಟ್ಟಿಯ ಬೆಲೆಯನ್ನು ಮುಟ್ಟುವುದು.

ಮೇಲೆ ಹೇಳಿದ ಯಜಮಾನರು ಬೇಲಿಯ ಸಾಲಿನ ಕೆಲವು ತೋತಾಪುರಿ ಮರಗಳನ್ನು ಅಂದು ಹಾಗೆಯೇ ಬಿಟ್ಟಿದ್ದರು. ಈಗ ಅವರು ಪಟ್ಟಣಕ್ಕೆ ಹಣ್ಣು ಕಳುಹಿಸುವಾಗ ಮೊಮ್ಮಗನ ಕೈಗೆ ಒಂದು ನೋಟುಪುಸ್ತಕವನ್ನು ಕೊಟ್ಟು, ಕೊಳ್ಳದೆ ಹೋದವರನ್ನೂ ಎಣಿಸಿ ಬರೆದುಕೊಂಡು ಬರುವಂತೆ ಹೇಳುತ್ತಾರೆ. ಆ ಪುಸ್ತಕದಲ್ಲಿ ಎರಡು ಫಸಲಿನ ಲೆಕ್ಕವು ತುಂಬಿದೆ. ಮೂರನೆಯದು ಸೇರಿದ ಮೇಲೆಯೇ ಮುಂದಿನ ಕಸಿಯ ಮಾತೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ.

— ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು